ಪ್ರಮಾಣವೂ ಪರಿಸರವೂ

ತೊಗರಿಯ ನಾಡಾದ ಆಳಂದ, ಅಫಜಲಪುರ, ಜೇವರ್ಗಿಗಳ ವಿದ್ಯಾರ್ಥಿಗಳಿಗೆ ಬೇಳೆಯಲ್ಲಿ ಪ್ರೋಟೀನು ಉಂಟೆಂಬುದು ಕಂಠಪಾಠ. ಆದರೆ ಆ ಪ್ರೋಟೀನು ಹೇಗೆ ರೂಪುಗೊಳ್ಳುವುದೆಂಬುದನ್ನೂ ಅವರು ಅರಿಯುವುದು ಅವಶ್ಯ.

1961ರಲ್ಲಿ ಅಮೆರಿಕದಲ್ಲಿ ನೀರೆನ್‌ಬರ್ಗ್ ಮತ್ತು ಮತ್ತೇಯಿ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯದ ಕೋಶಗಳನ್ನೊಡೆದು, ಅವುಗಳ ಸಾರದಿಂದಲೇ ಪ್ರನಾಳದಲ್ಲಿ ಅಮೈನೋ ಆಮ್ಲದ ಸರಪಣಿಯನ್ನು ಕಟ್ಟಿ ತೋರಿದರು. ಈ ಕಾರ್ಯಕ್ಕೆ ಮೆಗ್ನೀಸಿಯಂ ಅಯಾನು ಅನಿವಾರ್ಯ. ಅದು ತೀರ ಕುಂದಿದರೆ ಪ್ರೋಟೀನನ್ನು ಹೆಣೆಯುವ ರೈಬೋಸೋಮಿನ ಎರಡು ಭಾಗಗಳು ಅಗಲುತ್ತವೆ. ಮಿತಿಮೀರಿದರೆ ಹೆಣಿಗೆಯಲ್ಲಿ ತಪ್ಪುಗಳು ಹೆಚ್ಚುತ್ತವೆ. ಇದಲ್ಲದೆ, ಜೀವಂತ ಬ್ಯಾಕ್ಟೀರಿಯದೊಳಗೆ ಲೀಟರಿಗೆ ಸುಮಾರು 300 ಗ್ರಾಂ ಬೃಹದಣುಗಳು ಕಿಕ್ಕಿರಿದಿರುತ್ತವೆ; ಪ್ರನಾಳದ ಸಾರವಾದರೋ ಬಹು ತೆಳುವು. ಆದುದರಿಂದ ಪಾಲಿಎಥಿಲೀನ್ ಗ್ಲೈಕಾಲನ್ನು ಬೆರೆಸಿ ಆ ದಟ್ಟಣೆಯನ್ನು ಅನುಕರಿಸುವುದುಂಟು. ದಟ್ಟಣೆ ಬದಲಾದರೆ ಮೆಗ್ನೀಸಿಯಮಿನ ಹದವನ್ನೂ ಮರಳಿ ಕಂಡುಕೊಳ್ಳಬೇಕಾಗುತ್ತದೆ.

ಕೋಶದ ಅಂಗಗಳ ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿಸುವ ಬೋಧನೆಯು ಈ ತತ್ತ್ವವನ್ನು ಮರೆಮಾಡುತ್ತದೆ. ತೊಗರಿಯ ಸಾಲುಗಳ ಅಂತರವನ್ನೂ ಗೊಬ್ಬರದ ಪ್ರಮಾಣವನ್ನೂ ಒಟ್ಟಿಗೆ ತೂಗಿನೋಡುವ ರೈತನ ಮಕ್ಕಳಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ. ಯಾವ ದ್ರವ್ಯವೆಂಬುದರ ಜೊತೆಗೆ ಎಷ್ಟು, ಎಂತಹ ನೆರೆಯಲ್ಲಿ ಎಂಬ ಪ್ರಶ್ನೆಗಳನ್ನೂ ತಾಯ್ನುಡಿಯಲ್ಲಿಯೇ ಕೇಳುವಂತೆ ಮಾಡುವುದು ಶಾಲೆಗಳ ಕರ್ತವ್ಯ. ವಿಜ್ಞಾನವು ಮೊದಲಾಗುವುದೇ ಅಲ್ಲಿ.