ಬೀಟ್‌ರೂಟ್: ಗೆಡ್ಡೆ ಪೇಟೆಗೆ, ಸೊಪ್ಪು ಮನೆಗೆ

ಬೀಟ್‌ರೂಟ್ ಕಿತ್ತ ದಿನ ಗೆಡ್ಡೆ ಪೇಟೆಗೆ ಹೋಗುತ್ತದೆ, ಸೊಪ್ಪು ಬದುವಿನ ಮೇಲೆ ಬೀಳುತ್ತದೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊನ್ನೆ ಒಂದು ಮನೆಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಕಬ್ಬಿಣದ ಮಾತ್ರೆಗಳನ್ನು ಗೂಡಿನಲ್ಲಿಟ್ಟು, ರಕ್ತ ಹೆಚ್ಚಲೆಂದು ಬೀಟ್‌ರೂಟ್ ರಸವನ್ನೇ ನಂಬಿದ್ದಳು. ಗೆಡ್ಡೆಯ ಕೆಂಪು ಬೀಟಾನಿನ್ ಎಂಬ ಬಣ್ಣದ್ದು, ಕಬ್ಬಿಣದ್ದಲ್ಲ. 100 ಗ್ರಾಂ ಗೆಡ್ಡೆಯಲ್ಲಿ ಕಬ್ಬಿಣ ಸುಮಾರು 1 ಮಿಲಿಗ್ರಾಂ ಮಾತ್ರ. ನಾವು ಎಸೆಯುವ ಸೊಪ್ಪಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು.

ಬೀಟ್‌ರೂಟ್ ಪಾಲಕ್ ಬಳಗದ ಗಿಡ. ನಾವು ಒಂದು ಬೀಜವೆಂದು ಬಿತ್ತುವುದು ಹಲವು ಬೀಜಗಳ ಗೊಂಚಲು. ಆದ್ದರಿಂದ ಒತ್ತಾದ ಸಸಿಗಳನ್ನು ಕೀಳಲೇಬೇಕು. ಅವೇ ಮೊದಲ ಸೊಪ್ಪು. ಹುಳಿ, ಪಲ್ಯ ಮಾಡಿ, ಮೇಲೆ ನಿಂಬೆರಸ ಹಿಂಡಿ. ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಔಷಧಿ ಸಿಂಪಡಿಸಿದ್ದರೆ ಹೇಳಿದಷ್ಟು ದಿನ ಕಾದು ಕೊಯ್ಯಿರಿ. ಮೂತ್ರಪಿಂಡದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳಿ ತಿನ್ನಲಿ.

ಗೆಡ್ಡೆ ಕೆಟ್ಟದ್ದೆಂದಲ್ಲ, ಊಟಕ್ಕೆ ಒಳ್ಳೆಯದು. ಆದರೆ ಅದು ಮಾತ್ರೆಗೆ ಬದಲಲ್ಲ. ಬಸುರಿಗೆ ಮಾತ್ರೆಯೂ ಬೇಕು, ಸೊಪ್ಪೂ ಬೇಕು. ಮುಂದಿನ ಕೊಯ್ಲಿನಲ್ಲಿ ಒಂದು ಕಂತೆ ಎಳೆ ಸೊಪ್ಪು ಮನೆಗೆ ತನ್ನಿ.