ಮಂಟಪದಲ್ಲೊಂದು ಆಟದಂಗಳ

ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಸಭಾಂಗಣದಲ್ಲಿ ಬ್ಯಾಡ್ಮಿಂಟನ್ ಕಲಿತ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಶಿರೂರಿನಂತಹ ನಮ್ಮ ಊರುಗಳಲ್ಲಿ ಮಕ್ಕಳು ಬೀದಿಯಲ್ಲಿಯೇ ಆಡುತ್ತಾರೆ. ಸುಮಾರು 5 ಗ್ರಾಂ ತೂಗುವ ಶಟಲ್ ಗಾಳಿಗೆ ಓಲುವುದರಿಂದ, ತಪ್ಪು ಕೈಯದೋ ಗಾಳಿಯದೋ ತಿಳಿಯದು.

ಮಕ್ಕಳಿಗೆ ಮೊದಲು ಸ್ಮ್ಯಾಷ್ ಬೇಕೆನಿಸುವುದು ಸಹಜ. ಕಲಿಕೆಯ ಕ್ರಮ ಬೇರೆ: ಸೊಂಟದ ಕೆಳಗಿನಿಂದ ಸರ್ವಿಸ್, ಎದುರಾಳಿಯ ಹಿಂಗೆರೆಯವರೆಗೆ ಎತ್ತರವಾಗಿ ಕಳುಹಿಸುವ ಕ್ಲಿಯರ್, ಬಲೆಯಾಚೆ ಮೆಲ್ಲನೆ ಇಳಿಸುವ ಡ್ರಾಪ್, ಕೊನೆಗೆ ಸ್ಮ್ಯಾಷ್. ಕಡೆಯ ಮೂರಕ್ಕೂ ತೋಳೆತ್ತುವ ಭಂಗಿ ಹೆಚ್ಚುಕಡಿಮೆ ಒಂದೇ. ಕ್ಲಿಯರ್ ಕೈಗೂಡಿದರೆ ಉಳಿದೆರಡು ಸುಲಭವಾಗುತ್ತವೆ.

ಅಂಗಳಕ್ಕೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ ಬೇಕು. ಮದುವೆಯಿಲ್ಲದ ಸಂಜೆಗಳಲ್ಲಿ ಕಲ್ಯಾಣ ಮಂಟಪಗಳ ಬಾಗಿಲನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ತೆರೆಯಬೇಕೆಂದು ಸಮಾಜದ ಹಿರಿಯರಲ್ಲಿ ನಾವು ವಿನಂತಿಸುತ್ತೇವೆ.