ನೆಲದಡಿ ಉಳಿದ ಕಂಚು
ದೂರದಿಂದ ನೋಡಿದರೆ ಶಾಂಘೈ ಮ್ಯೂಸಿಯಂ ಥೇಟ್ ಹಿಡಿಗಳುಳ್ಳ ದೊಡ್ಡ ಹಂಡೆ. ಪೀಪಲ್ಸ್ ಸ್ಕ್ವೇರ್‌ನಲ್ಲಿ 1996ರಲ್ಲಿ ತೆರೆದ ಈ ಕಟ್ಟಡಕ್ಕೆ ವಾಸ್ತುಶಿಲ್ಪಿ ಶಿಂಗ್ ಟೋಂಗ್‌ಹ ಕೊಟ್ಟದ್ದು 'ಡಿಂಗ್' ಎಂಬ ಪ್ರಾಚೀನ ಕಂಚಿನ ಪಾತ್ರೆಯ ರೂಪ. ಮ್ಯೂಸಿಯಂನ ಸಂಗ್ರಹದಲ್ಲಿ ನಿಜವಾದ ಡಿಂಗ್‌ಗಳೇ ಇವೆ. ಅವುಗಳಲ್ಲಿ 'ದ ಕ ಡಿಂಗ್' ಎದುರು ಮಾತ್ರ ಅವಸರ ಮಾಡಬಾರದು. ಪಶ್ಚಿಮ ಝೌ ಕಾಲದ, 200 ಕಿಲೋ ಮೀರಿ ತೂಗುವ ಈ ಪಾತ್ರೆಯ ಒಳಮೈ ತುಂಬ ಶಾಸನ: ಅರಸ ಕೊಟ್ಟ ಪದವಿ, ಭೂಮಿ, ಆಳುಕಾಳುಗಳ ವಿವರ. ಅದು ಉಳಿದ ಬಗೆ ಇನ್ನೂ ದೊಡ್ಡ ಕಥೆ. 1937ರಲ್ಲಿ ಜಪಾನಿ ಸೈನ್ಯ ಸೂಚೌ ನಗರ ಹೊಕ್ಕಾಗ, ಈ ಪಾತ್ರೆಯ ಒಡೆತನವಿದ್ದ ಪಾನ್ ಮನೆತನದ ಎಳೆಯ ವಿಧವೆ ಪಾನ್ ದಾಯು ಇದನ್ನೂ ಇದರ ಜೊತೆಗಾರ 'ದ ಯು ಡಿಂಗ್' ಅನ್ನೂ ಮನೆಯ ನೆಲದಡಿ ಹೂಳಿಸಿದರು. ಸೈನಿಕರು ಮತ್ತೆ ಮತ್ತೆ ಬಂದು ಮನೆ ಜಾಲಾಡಿದರೂ ಆಕೆ ಗುಟ್ಟು ಬಿಟ್ಟುಕೊಡಲಿಲ್ಲ. ಎಂಥ ಗಟ್ಟಿಗಿತ್ತಿ! 1951ರಲ್ಲಿ ಎರಡನ್ನೂ ಅವರೇ ಸರ್ಕಾರಕ್ಕೆ ಕಾಣಿಕೆಯಾಗಿ ಕೊಟ್ಟರು. ಮರುವರ್ಷ, ಈಗಿನ ಕಟ್ಟಡಕ್ಕಿಂತ ಬಹಳ ಮೊದಲೇ, ಮ್ಯೂಸಿಯಂ ಶುರುವಾಯಿತು.   ದ ಕ ಡಿಂಗ್‌ನ ಜೊತೆಗಾರ ಪಾತ್ರೆ 1959ರಲ್ಲಿ ಬೀಜಿಂಗ್‌ಗೆ ಹೋಯಿತು, ಈಗಲೂ ಅಲ್ಲೇ ಇದೆ.